ಶೆಲ್ಫ್ ಜೋಡಿಸುವ ಕೆಲಸಕ್ಕೆ ನಾಚಿಕೆ ಏಕೆ?

ಇಂಗ್ಲೆಂಡಿನ ನಮ್ಮ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿರುವ ಹಾಸನದ ಕಡೆಯ ಹುಡುಗಿಯೊಬ್ಬಳು, ತಾನು ‘ಮರ್ಚಂಡೈಸರ್’ ಆಗಿ ಕೆಲಸಕ್ಕೆ ಸೇರಿರುವುದಾಗಿ ತಾಯಿಗೆ ತಿಳಿಸಿದ್ದಾಳೆ. ಅದು ಸುಳ್ಳಲ್ಲ. ವಾರದಲ್ಲಿ ಮೂರು ದಿನ ಬೆಳಗಿನ ಜಾವವೇ ಹೊರಟು, ಸೂಪರ್‌ಮಾರ್ಕೆಟ್‌ಗಳಲ್ಲಿ ಒಂದು ಕಂಪನಿಯ ಬಿಸ್ಕತ್ತಿನ ಪೊಟ್ಟಣಗಳನ್ನು ಶೆಲ್ಫಿಗೆ ಜೋಡಿಸುತ್ತಾಳೆ. ತಾಯಿ ಕಲ್ಪಿಸಿಕೊಂಡಿರುವುದು ಕಚೇರಿ, ಕುರ್ಚಿ, ಕಂಪ್ಯೂಟರ್. “ಬಿಡಿಸಿ ಹೇಳೋಕೆ ಧೈರ್ಯ ಬರಲಿಲ್ಲ, ಮೇಡಂ” ಎಂದಳು.

ಈ ಮರೆಮಾಚುವಿಕೆಗೆ ಆ ಪದವೇ ಎಡೆಕೊಡುತ್ತದೆ. ಬ್ರಿಟನ್ನಿನಲ್ಲಿ ಅದು ಎರಡು ಬೇರೆ ಉದ್ಯೋಗಗಳ ಹೆಸರು. ಮುಖ್ಯ ಕಚೇರಿಯ ಮರ್ಚಂಡೈಸರ್ ಯಾವ ಸರಕು, ಎಷ್ಟು, ಯಾವ ಅಂಗಡಿಗೆ, ಯಾವಾಗ ಹೋಗಬೇಕೆಂದು ನಿರ್ಧರಿಸುತ್ತಾರೆ. ಸಹಾಯಕರಾಗಿ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಹುದ್ದೆ ಅದು. ಲೆಕ್ಕ ಮತ್ತು ಎಕ್ಸೆಲ್‌ನಲ್ಲಿ ಹಿಡಿತ ಬೇಕು, ಸಾಮಾನ್ಯವಾಗಿ ಪದವಿಯನ್ನೂ ಕೇಳುತ್ತಾರೆ. ಫೀಲ್ಡ್ ಮರ್ಚಂಡೈಸರ್‌ಗೆ ಪದವಿ ಬೇಕಿಲ್ಲ. ಡ್ರೈವಿಂಗ್ ಲೈಸೆನ್ಸ್, ಹಲವೆಡೆ ಸ್ವಂತ ಕಾರು, ನಸುಕಿನಲ್ಲಿ ಏಳುವ ಅಭ್ಯಾಸ ಇದ್ದರೆ ಸಾಕು. ‘ಪ್ಲಾನೋಗ್ರಾಮ್’ ಎಂಬ ನಕ್ಷೆಯಂತೆ ಸರಕು ಜೋಡಿಸಿ, ಹಳೆಯ ದಿನಾಂಕದ್ದನ್ನು ಮುಂದಕ್ಕೆ ತಂದು, ಬೆಲೆಚೀಟಿ ಸರಿಪಡಿಸಿ, ಫೋಟೋ ತೆಗೆದು ಕಳುಹಿಸಬೇಕು.

ಇದನ್ನು ಕೌಶಲವಿಲ್ಲದ ಕೆಲಸವೆನ್ನುವುದು ತಪ್ಪು. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ‘ಪಿಗ್ಲಿ ವಿಗ್ಲಿ’ ಅಂಗಡಿ ತೆರೆದು, ಗಿರಾಕಿಗಳೇ ಸಾಮಾನು ಆರಿಸಿಕೊಳ್ಳುವ ಏರ್ಪಾಡು ಮಾಡಿದ. ಅಲ್ಲಿಯವರೆಗೆ ನಮ್ಮೂರ ಶೆಟ್ಟರಂತೆ ಅಂಗಡಿಯವರೇ ಸಾಮಾನು ತೆಗೆದುಕೊಡುತ್ತಿದ್ದರು, ಯಾವುದು ಒಳ್ಳೆಯದೆಂದು ಹೇಳುತ್ತಿದ್ದರು. ಆ ಮಾತನ್ನು ಈಗ ಶೆಲ್ಫ್ ಆಡುತ್ತದೆ. ಅದಕ್ಕೆ ಮಾತು ಕೊಡುವವಳು ಈ ಹುಡುಗಿ. ಕಂಪ್ಯೂಟರಿನ ಲೆಕ್ಕದಲ್ಲಿ ಇರುವ ಸರಕು ಶೆಲ್ಫಿನಲ್ಲಿ ಇಲ್ಲವೆಂಬುದು ಮೊದಲು ಕಾಣುವುದು ಅವಳ ಕಣ್ಣಿಗೆ. ಆದರೂ ಈ ತಿಳಿವಳಿಕೆಯಿಂದ ಮುಖ್ಯ ಕಚೇರಿಯವರೆಗೆ ನೇರ ಏಣಿಯಿಲ್ಲ. ದಾಟಬಯಸುವವರು ತಾವು ಕಂಡದ್ದನ್ನು ಅಂಕಿಗಳಲ್ಲಿ ಬರೆದಿಡಬೇಕು; ಸಂದರ್ಶನದಲ್ಲಿ ಆ ಅನುಭವವನ್ನು ಮುಚ್ಚಿಡದೆ ಮುಂದಿಡಬೇಕು.

ಸೇರುವ ಮುನ್ನ ಒಪ್ಪಂದಪತ್ರ ಓದಬೇಕು. ವಿದ್ಯಾರ್ಥಿ ವೀಸಾದ ಮೇಲೆ ಪದವಿ ಓದುವವರು ತರಗತಿಗಳ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಸ್ವಯಂ ಉದ್ಯೋಗ ಅವರಿಗೆ ನಿಷಿದ್ಧ. ಒಂದು ಭೇಟಿಗೆ ಇಂತಿಷ್ಟು ಎಂದು ಕೊಡುವ ಕೆಲವು ಕೆಲಸಗಳು ಸ್ವಯಂ ಉದ್ಯೋಗದ ಲೆಕ್ಕಕ್ಕೆ ಬರುತ್ತವೆ. ಅವಕ್ಕೆ ಸಹಿ ಹಾಕಿದರೆ ವೀಸಾಕ್ಕೇ ಕುತ್ತು. ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗುವ ಸಮಯವನ್ನು ಕನಿಷ್ಠ ವೇತನದ ಲೆಕ್ಕಕ್ಕೆ ಹಿಡಿಯಬೇಕೆಂಬುದು ಇಲ್ಲಿನ ನಿಯಮ. ಈ ಹುಡುಗಿಗೆ ಅದನ್ನು ಕೊಟ್ಟಿರಲಿಲ್ಲ. ಏಕಾಸ್ ಸಂಸ್ಥೆ ಉಚಿತ ಸಲಹೆ ನೀಡುತ್ತದೆ, ಅಂಗಡಿ ಕಾರ್ಮಿಕರಿಗೆ ಉಸ್ಡಾ ಎಂಬ ಸಂಘವಿದೆ ಎಂದೂ ಅವಳಿಗೆ ಯಾರೂ ಹೇಳಿರಲಿಲ್ಲ.

ಏಕೆ ಹೇಳಿರಲಿಲ್ಲ? ಅವಳು ಯಾರನ್ನೂ ಕೇಳಿರಲಿಲ್ಲ. ಮಾಡುವ ಕೆಲಸವನ್ನೇ ಬಚ್ಚಿಟ್ಟವರು ಬಾಕಿ ಕೂಲಿಯ ಬಗ್ಗೆ ಯಾರಲ್ಲಿ ದೂರುವುದು? ನಾಚಿಕೆಯ ಲಾಭ ಮಾಲೀಕರಿಗೆ. ನಾನೂ ಇದರಿಂದ ಹೊರತಲ್ಲ. ಪಿಎಚ್‌ಡಿ ಮಾಡುವಾಗ ಎರಡು ಚಳಿಗಾಲ ರಾತ್ರಿ ಪಾಳಿಯಲ್ಲಿ ಶೆಲ್ಫ್ ತುಂಬಿದ್ದೇನೆ. ನನ್ನ ಸ್ವವಿವರದಲ್ಲಿ ಅದು ಎಲ್ಲಿಯೂ ಇಲ್ಲ. ಕೈಕೆಲಸವನ್ನು ಕೀಳೆನ್ನುವ ಜಾತಿಯ ಕಣ್ಣನ್ನು ನಾವು ವಿಮಾನದಲ್ಲಿ ಜೊತೆಗೇ ತಂದಿದ್ದೇವೆ.

ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಬಸವಣ್ಣನ ಪ್ರತಿಮೆ ಅನಾವರಣಗೊಂಡಿತು. ಅಲ್ಲಿ ಹಾರ ಹಾಕಿ ಕಾಯಕದ ಬಗ್ಗೆ ಮಾತನಾಡುವ ನಾವು, ನಮ್ಮ ಸಮಾರಂಭಗಳಲ್ಲಿ ಪರಿಚಯಿಸುವುದು ಡಾಕ್ಟರ್ ಮತ್ತು ಎಂಜಿನಿಯರ್‌ಗಳನ್ನೇ. ಪ್ರತಿ ಸೆಪ್ಟೆಂಬರಿನಲ್ಲಿ ಹೊಸ ವಿದ್ಯಾರ್ಥಿಗಳು ಬಂದಾಗ ಕನ್ನಡ ಸಂಘಗಳು ಒಂದು ಗಂಟೆಯನ್ನಾದರೂ ಒಪ್ಪಂದಪತ್ರ ಓದಲು ಕಲಿಸುವುದಕ್ಕೆ ಮೀಸಲಿಡಲಿ. ಕಲಿಸುವವರು ಶೆಲ್ಫ್ ಜೋಡಿಸಿದವರೇ ಆಗಿರಲಿ. ಮೊದಲ ಹೆಸರಾಗಿ ನನ್ನದನ್ನು ಬರೆದುಕೊಳ್ಳಬಹುದು.