ಓವಲ್ ವಜ್ರ: ತೂಕಕ್ಕೆ ತಕ್ಕಡಿ ಇದೆ, ಹೊಳಪಿಗೆ ಕಣ್ಣೇ ಗತಿ

ಆದೋನಿ: ಮುಂಗಾರಿನ ಮೊದಲ ಮಳೆ ಬಿದ್ದರೆ ಸಾಕು, ಕರ್ನೂಲು ಜಿಲ್ಲೆಯ ತುಗ್ಗಲಿ, ಜೊನ್ನಗಿರಿ, ಮದ್ದಿಕೆರೆ ಸುತ್ತಿನ ಹೊಲಗಳಲ್ಲಿ ಜನ ತಲೆ ತಗ್ಗಿಸಿ ನೆಲ ನೋಡುತ್ತಾ ನಡೆಯತೊಡಗುತ್ತಾರೆ. ಅತ್ತ ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲೂ ಇದೇ ನೋಟ. ಮಳೆಗೆ ಮಣ್ಣು ತೊಳೆದು ಹೋದಾಗ ಅದೃಷ್ಟವಂತರಿಗೆ ಒಂದು ಕಚ್ಚಾ ವಜ್ರ ಸಿಗುತ್ತದೆ. ಸಿಕ್ಕವರ ಹತ್ತಿರ ವ್ಯಾಪಾರಿ ಹುಡುಕಿಕೊಂಡು ಬರುತ್ತಾನೆ. ಆ ಕಲ್ಲಿಗೆ ಸಾಣೆ ಹಿಡಿದಾಗ ಎಷ್ಟು ಉಳಿಯುತ್ತದೆ, ಎಷ್ಟು ಪುಡಿಯಾಗುತ್ತದೆ ಎಂಬ ಲೆಕ್ಕ ಅವನಿಗೆ ಗೊತ್ತು, ರೈತನಿಗೆ ಗೊತ್ತಿಲ್ಲ. ಬೆಲೆ ಕಟ್ಟುವವನು ಅವನೇ ಆಗುವುದು ಇದರಿಂದಲೇ.

ಇದೇ ಸೀಮೆಯ ಜನ ಹತ್ತಿ, ಶೇಂಗಾ ಮಾರಿದ ದುಡ್ಡು ಕಟ್ಟಿಕೊಂಡು ಮದುವೆ ಉಂಗುರಕ್ಕೆಂದು ಆದೋನಿ, ಬಳ್ಳಾರಿ, ಕರ್ನೂಲಿನ ಅಂಗಡಿಗಳ ಮೆಟ್ಟಿಲು ಹತ್ತಿದಾಗಲೂ ಕಥೆ ಬೇರೆಯಲ್ಲ. ಅಲ್ಲಿ ಕಲ್ಲು ಮಾರಿದವರು, ಇಲ್ಲಿ ಕೊಳ್ಳುವವರು. ಎರಡೂ ಕಡೆ ಗೊತ್ತಿಲ್ಲದ ಸಂಗತಿ ಒಂದೇ: ವಜ್ರದ ಕಟಿಂಗ್.

ಈಗೇಕೆ ಈ ಮಾತು?

2025ರಲ್ಲಿ 10 ಗ್ರಾಂ ಚಿನ್ನದ ಬೆಲೆ 1 ಲಕ್ಷ ರೂಪಾಯಿ ದಾಟಿತು. ಅದೇ ವರ್ಷದ ಜುಲೈನಲ್ಲಿ 9 ಕ್ಯಾರೆಟ್ ಚಿನ್ನಕ್ಕೂ ಹಾಲ್‌ಮಾರ್ಕ್ ಸಿಗುವಂತಾಯಿತು. ಚಿನ್ನ ಕಡಿಮೆ, ಹರಳು ದೊಡ್ಡದು ಎಂಬ ಒಡವೆಗಳು ಶೋಕೇಸಿನ ಮುಂಭಾಗಕ್ಕೆ ಬಂದವು. ಲ್ಯಾಬಿನಲ್ಲಿ ಬೆಳೆಸಿದ ವಜ್ರಗಳು ಸೇರಿಕೊಂಡ ಮೇಲಂತೂ 'ಒಂದು ಕ್ಯಾರೆಟ್' ಎಂಬ ಮಾತು ಹಳ್ಳಿಯ ಮನೆಗಳಲ್ಲೂ ಕೇಳಿಬರುತ್ತಿದೆ.

ಇದರಲ್ಲಿ ಮೊಟ್ಟೆಯಾಕಾರದ ಓವಲ್ ವಜ್ರಕ್ಕೆ ವಿಶೇಷ ಬೇಡಿಕೆ. ಕಾರಣ ಸರಳ. ಒಂದು ಕ್ಯಾರೆಟ್ಟಿನ ದುಂಡು ವಜ್ರ ಸುಮಾರು 6.5 ಮಿ.ಮೀ. ಅಗಲ ಕಂಡರೆ, ಅಷ್ಟೇ ತೂಕದ ಓವಲ್ ಏಳೂವರೆ ಮಿ.ಮೀ.ಗೂ ಹೆಚ್ಚು ಉದ್ದ ಕಾಣುತ್ತದೆ. ಬೆರಳೂ ನೀಳವಾಗಿ ತೋರುತ್ತದೆ. ಗಿರಾಕಿಗೆ ಖುಷಿ. ವಜ್ರ ಕೊಯ್ಯುವವನಿಗೂ ಲಾಭವೇ, ಏಕೆಂದರೆ ಉದ್ದನೆಯ ಕಚ್ಚಾ ಕಲ್ಲನ್ನು ದುಂಡಗೆ ಮಾಡುವುದಕ್ಕಿಂತ ಓವಲ್ ಮಾಡಿದರೆ ಹೆಚ್ಚು ತೂಕ ಉಳಿಯುತ್ತದೆ. ಅಡಚಣೆ ಇರುವುದು ಈ 'ತೂಕ ಉಳಿಸುವ' ಆಸೆಯಲ್ಲೇ.

ಕೊಹಿನೂರ್ ಕಳೆದುಕೊಂಡ ತೂಕ

ತೂಕಕ್ಕೂ ಹೊಳಪಿಗೂ ಇರುವ ಜಗಳ ಹಳೆಯದು. ಗೋಲ್ಕೊಂಡ ಸೀಮೆಯ ಗಣಿಯಿಂದ ಬಂದದ್ದೆಂದು ಹೇಳಲಾಗುವ ಕೊಹಿನೂರ್ ವಜ್ರವನ್ನು 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಇಟ್ಟಾಗ ನೋಡಲು ಬಂದ ಜನ ನಿರಾಸೆಗೊಂಡರು. ಅಷ್ಟು ದೊಡ್ಡ ಕಲ್ಲು ಅವರೆಣಿಸಿದಂತೆ ಹೊಳೆಯಲೇ ಇಲ್ಲ. 1852ರಲ್ಲಿ ಅದನ್ನು ಓವಲ್ ಆಕಾರಕ್ಕೆ ಮತ್ತೆ ಕೊಯ್ಯಲಾಯಿತು. ಸುಮಾರು 186 ಕ್ಯಾರೆಟ್ ಇದ್ದ ಕಲ್ಲು 105.6 ಕ್ಯಾರೆಟ್ಟಿಗೆ ಇಳಿಯಿತು. ಇಷ್ಟೊಂದು ತೂಕ ಕಳೆದುದಕ್ಕೆ ಟೀಕೆಯೂ ಬಂತು.

ರಾಣಿಯ ಕಲ್ಲಿಗೆ ಆ ನಷ್ಟ ತಡೆಯಬಹುದು. ಅಂಗಡಿಗೆ ಹೋಗುವ ಸಾಮಾನ್ಯ ಹರಳಿನ ವಿಷಯದಲ್ಲಿ ಲೆಕ್ಕ ಬೇರೆ. 0.95 ಕ್ಯಾರೆಟ್ಟಿನ ಹರಳಿಗಿಂತ 1.00 ಕ್ಯಾರೆಟ್ಟಿನದಕ್ಕೆ ಕ್ಯಾರೆಟ್ ದರವೇ ಏರುತ್ತದೆ. ಹಾಗಾಗಿ ಒಂದರ ಗಡಿ ಮುಟ್ಟಿಸಲು ಹರಳಿನ ಹೊಟ್ಟೆಯನ್ನು ದಪ್ಪ ಬಿಡುವುದುಂಟು. ಆ ಹೆಚ್ಚುವರಿ ತೂಕ ಕೆಳಗೆ ಅಡಗಿರುತ್ತದೆ, ಮೇಲಿನಿಂದ ಕಾಣುವುದಿಲ್ಲ. ಬೆಳಕೂ ಸರಿಯಾಗಿ ಹಿಂದಿರುಗುವುದಿಲ್ಲ. ಗಿರಾಕಿ ದುಡ್ಡು ಕೊಡುವುದು ಮಾತ್ರ ಪೂರ್ತಿ ತೂಕಕ್ಕೆ.

ಸರ್ಟಿಫಿಕೇಟ್ ಹೇಳದ ಮಾತು

"ಸರ್ಟಿಫಿಕೇಟ್ ಇದೆಯಲ್ಲ, ಇನ್ನೇನು ಭಯ?" ಎಂಬುದು ಅಂಗಡಿಯಲ್ಲಿ ಕೇಳಿಬರುವ ಮಾತು. ಕಾಗದ ಬೇಕೇ ಬೇಕು, ಆದರೆ ಅದರ ಮಿತಿಯೂ ತಿಳಿದಿರಬೇಕು. ಜಿಐಎ ಸಂಸ್ಥೆ 2006ರಲ್ಲಿ ಕಟಿಂಗಿಗೆ ದರ್ಜೆ ಕೊಡಲು ತೊಡಗಿದಾಗ ಅದು ದುಂಡು ವಜ್ರಕ್ಕೆ ಮಾತ್ರ ಅನ್ವಯಿಸಿತು. ಓವಲ್ ವಜ್ರದ ಕಾಗದದಲ್ಲಿ 'ಎಕ್ಸಲೆಂಟ್' ಎಂದು ಕಂಡರೆ ಅದು ಯಾವ ಸಾಲಿನಲ್ಲಿದೆ ನೋಡಬೇಕು. ಪಾಲಿಶ್ ಎಂದರೆ ಮೈ ನುಣುಪು, ಸಿಮೆಟ್ರಿ ಎಂದರೆ ಪಟ್ಟೆಗಳ ಸಮತೋಲ. ಇವೆರಡೂ ಚೆನ್ನಾಗಿದ್ದೂ ಹರಳು ಮಂಕಾಗಿರಬಹುದು.

ಹಾಲ್‌ಮಾರ್ಕ್ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. 2023ರ ಏಪ್ರಿಲ್ 1ರಿಂದ ಕಡ್ಡಾಯವಾದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತು ಚಿನ್ನದ ಶುದ್ಧತೆಗೆ ಸೇರಿದ್ದು. ಹರಳಿನ ಗುಣದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಕಾಗದದಿಂದ ತಿಳಿಯುವುದು ಅಳತೆ. 7.8 ಮಿ.ಮೀ. ಉದ್ದ, 5.6 ಮಿ.ಮೀ. ಅಗಲ ಎಂದಿದ್ದರೆ ಉದ್ದವನ್ನು ಅಗಲದಿಂದ ಭಾಗಿಸಿ: 1.39 ಬರುತ್ತದೆ. 1.3ರಿಂದ 1.5ರ ನಡುವೆ ಇದ್ದರೆ ಓವಲ್ ಕಣ್ಣಿಗೆ ಒಪ್ಪುತ್ತದೆ. ಅದಕ್ಕಿಂತ ಕಡಿಮೆಯಾದರೆ ಗಿಡ್ಡ, ಹೆಚ್ಚಾದರೆ ಸಪೂರ. ಇದು ಅವರವರ ರುಚಿ. ಆಳವನ್ನು ಅಗಲದಿಂದ ಭಾಗಿಸಿದರೆ ಸಿಗುವ ಶೇಕಡಾ ಅಂಕಿ ಮುಖ್ಯ. ಅದು 60ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. 70ರ ಹತ್ತಿರ ಹೋದರೆ ಹೊಟ್ಟೆಯಲ್ಲಿ ತೂಕ ಅಡಗಿದೆ ಎಂದೇ ಅನುಮಾನಿಸಬೇಕು.

ಬುಡುಬುಡಿಕೆ ನೆರಳು

ಅಂಕಿ ಸರಿ ಇದ್ದ ಮೇಲೂ ಕಣ್ಣಿನ ಕೆಲಸ ಮುಗಿಯುವುದಿಲ್ಲ. ಓವಲ್ ವಜ್ರದ ನಡುವೆ ಅಡ್ಡಲಾಗಿ ಒಂದು ಕಪ್ಪು ನೆರಳು ಕಾಣಿಸುತ್ತದೆ. ಎರಡು ತ್ರಿಕೋನಗಳ ತುದಿ ತಾಗಿಸಿದಂತೆ, ಥೇಟ್ ಬುಡುಬುಡಿಕೆಯ ಆಕಾರ. ವ್ಯಾಪಾರಿಗಳು ಇದನ್ನು 'ಬೋ-ಟೈ' ಎನ್ನುತ್ತಾರೆ. ಓವಲ್ ಹರಳಿನ ಅಗಲದ ಕಡೆ ತಳ ಕಡಿದಾಗಿ ಇಳಿಯುತ್ತದೆ, ಉದ್ದದ ಕಡೆ ಇಳಿಜಾರು ಕಡಿಮೆ. ಹೀಗೆ ಕೋನ ಬದಲಾಗುವುದರಿಂದ ನಡುವಿನ ಕೆಲವು ಪಟ್ಟೆಗಳು ಮೇಲಿನ ಬೆಳಕಿನ ಬದಲು ನೋಡುವವರ ತಲೆಯ ನೆರಳನ್ನೇ ತೋರಿಸುತ್ತವೆ.

ಈ ನೆರಳು ಹೆಚ್ಚುಕಡಿಮೆ ಎಲ್ಲ ಓವಲ್‌ಗಳಲ್ಲೂ ಇರುತ್ತದೆ. ಉಂಗುರವನ್ನು ಅತ್ತಿತ್ತ ವಾಲಿಸಿದಾಗ ಅದು ಮಿನುಗಿ ಮಾಯವಾದರೆ ಚಿಂತೆಯಿಲ್ಲ. ಹೇಗೆ ವಾಲಿಸಿದರೂ ಕಪ್ಪಾಗಿಯೇ ಕೂತರೆ ಆ ಹರಳು ಬೇಡ. ಸರ್ಟಿಫಿಕೇಟಿನಲ್ಲಿ ಇದಕ್ಕೊಂದು ಸಾಲು ಇರುವುದಿಲ್ಲ.

ಅಂಗಡಿಯಲ್ಲಿ ಮಾಡಬೇಕಾದ್ದು

ಆಭರಣದ ಅಂಗಡಿಗಳಲ್ಲಿ ಹರಳಿನ ಮೇಲೆ ಚೂಪಾದ ದೀಪ ಬಿಟ್ಟಿರುತ್ತಾರೆ. ಆ ಬೆಳಕಿನಲ್ಲಿ ಅಮೆರಿಕನ್ ಡೈಮಂಡ್ ಕೂಡ ಕಣ್ಣು ಕೋರೈಸುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಕನ್ನಡದಲ್ಲೂ ಇದೆ, ತೆಲುಗಿನಲ್ಲೂ ಇದೆ. ಹರಳನ್ನು ಬಟ್ಟೆಯಿಂದ ಒರೆಸಿಸಿ, ಬಾಗಿಲ ಬಳಿ ಹಗಲು ಬೆಳಕಿಗೆ ತಂದು ನೋಡಬೇಕು. ಆಮೇಲೆ ಅಂಗೈಯಿಂದ ನೆರಳು ಮಾಡಿ ನೋಡಬೇಕು. ನೆರಳಿನಲ್ಲೂ ಜೀವ ಉಳಿಸಿಕೊಳ್ಳುವ ಹರಳೇ ಒಳ್ಳೆಯ ಕಟಿಂಗಿನದು.

ಇನ್ನೊಂದು ಸುಲಭ ಪರೀಕ್ಷೆ ಇದೆ. ಉಂಗುರಕ್ಕೆ ಕೂರಿಸದ ಬಿಡಿ ಹರಳನ್ನು ಅಚ್ಚು ಕಾಗದದ ಮೇಲೆ ಮುಖ ಮೇಲಾಗಿ ಇಟ್ಟು ನೇರ ಮೇಲಿನಿಂದ ನೋಡಿ. ನಡುವೆ ಅಕ್ಷರ ಕಂಡರೆ ಬೆಳಕು ಕೆಳಗೆ ಸೋರಿ ಹೋಗುತ್ತಿದೆ ಎಂದರ್ಥ. ಉಂಗುರದಲ್ಲಿದ್ದರೆ ಹರಳಿನ ಮೂಲಕ ಬೆರಳಿನ ಚರ್ಮ ಕಾಣುತ್ತದೆಯೇ ಎಂದು ಗಮನಿಸಬಹುದು. ಎರಡು ತುದಿಗಳನ್ನೂ ನೋಡಿ. ಹರಳಿಗೆ ಹಳದಿ ಛಾಯೆ ಇದ್ದರೆ ಓವಲ್‌ನಲ್ಲಿ ಅದು ಮೊದಲು ಕಾಣುವುದು ಅಲ್ಲೇ. ಒಂದೇ ಹರಳನ್ನು ನೋಡಿ ತೀರ್ಮಾನಿಸದೆ, ಒಂದೇ ತೂಕದ ಮೂರ್ನಾಲ್ಕನ್ನು ಪಕ್ಕಪಕ್ಕ ಇಡಿಸಿ. ವ್ಯತ್ಯಾಸ ಮನೆಯ ಹೆಣ್ಣುಮಕ್ಕಳ ಕಣ್ಣಿಗೆ ತಾನಾಗಿ ಬೀಳುತ್ತದೆ.

ಬಿಲ್ಲಿನ ವಿಷಯದಲ್ಲೂ ಎಚ್ಚರ ಬೇಕು. ಐದು ಕ್ಯಾರೆಟ್ ಹರಳೆಂದರೆ ಒಂದು ಗ್ರಾಂ. ಉಂಗುರದ ಒಟ್ಟು ತೂಕದಲ್ಲಿ ಹರಳಿನ ತೂಕ ಕಳೆದು ಉಳಿದದ್ದಕ್ಕೆ ಮಾತ್ರ ಚಿನ್ನದ ದರ ಹಾಕಿದ್ದಾರೆಯೇ ಎಂದು ನೋಡಲೇಬೇಕು.

ಲ್ಯಾಬಿನದೋ, ನೆಲದ್ದೋ?

ಲ್ಯಾಬ್ ವಜ್ರವೂ ಇಂಗಾಲವೇ, ನಕಲಿಯಲ್ಲ. ಬರಿಗಣ್ಣಿಗೆ ವ್ಯತ್ಯಾಸ ಸಿಗದು, ಶಾಖ ಅಳೆಯುವ ಪೆನ್ನಿನಂಥ ಟೆಸ್ಟರ್ ಕೂಡ ಎರಡನ್ನೂ ವಜ್ರವೆಂದೇ ತೋರಿಸುತ್ತದೆ. ಆದರೆ ಬೆಲೆಯ ಕಥೆ ಬೇರೆ. ಡಿ ಬಿಯರ್ಸ್ ಕಂಪನಿ 2018ರಲ್ಲಿ 'ಲೈಟ್‌ಬಾಕ್ಸ್' ಹೆಸರಿನಲ್ಲಿ ಲ್ಯಾಬ್ ವಜ್ರವನ್ನು ಕ್ಯಾರೆಟ್ಟಿಗೆ 800 ಡಾಲರಿನಂತೆ ಮಾರಲು ಹೊರಟಿತ್ತು. ಬೆಲೆ ಕುಸಿಯುತ್ತಾ ಹೋಗಿ, 2025ರ ಮೇ ತಿಂಗಳಲ್ಲಿ ಆ ವ್ಯಾಪಾರವನ್ನೇ ಮುಚ್ಚುವುದಾಗಿ ಘೋಷಿಸಿತು. ಅದೇ ವರ್ಷದ ಅಕ್ಟೋಬರಿನಿಂದ ಜಿಐಎ ಕೂಡ ಲ್ಯಾಬ್ ವಜ್ರಗಳಿಗೆ ಬಣ್ಣ, ಸ್ವಚ್ಛತೆಯ ಹಳೆಯ ದರ್ಜೆಗಳನ್ನು ಬಿಟ್ಟು 'ಪ್ರೀಮಿಯಂ', 'ಸ್ಟ್ಯಾಂಡರ್ಡ್' ಎಂಬ ಎರಡೇ ಪದಗಳಿಗೆ ಬಂತು.

ತೊಡಲು ಕೊಳ್ಳುವವರಿಗೆ ಇದರಿಂದ ಅನುಕೂಲವೇ. ಕಷ್ಟಕಾಲಕ್ಕೆ ಅಡವಿಟ್ಟು ಸಾಲ ತರಬಹುದೆಂದು ಕೊಳ್ಳುವವರು ಮಾತ್ರ ಎರಡು ಸಲ ಯೋಚಿಸಬೇಕು. ಒಡವೆಯ ಮೇಲೆ ಸಾಲ ಕೊಡುವವರು ಸಾಮಾನ್ಯವಾಗಿ ಚಿನ್ನವನ್ನಷ್ಟೇ ತೂಗುತ್ತಾರೆ, ಹರಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಬಿಲ್ಲಿನ ಮೇಲೆ 'ನೈಸರ್ಗಿಕ' ಅಥವಾ 'ಲ್ಯಾಬ್' ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ವಾಪಸು ಕೊಟ್ಟರೆ ಎಷ್ಟು ಶೇಕಡಾ ಹಣ ಎಂಬುದನ್ನೂ ಬಾಯಿಮಾತಿಗೆ ಬಿಡದೆ ಬರಹದಲ್ಲಿ ಪಡೆಯಬೇಕು.

ಹೊಲದಲ್ಲಿ ಸಿಕ್ಕ ಕಲ್ಲನ್ನು ಮಾರುವ ರೈತ ಅವಸರದಲ್ಲಿರುತ್ತಾನೆ, ವ್ಯಾಪಾರಿಗೆ ಅವಸರವಿಲ್ಲ. ಅಂಗಡಿಯಲ್ಲಿ ಈ ಲೆಕ್ಕ ತಿರುಗುಮುರುಗು: ಮಾರುವ ಆತುರ ಇರುವುದು ಅಂಗಡಿಯವನಿಗೆ. ದುಡ್ಡು ಗಿರಾಕಿಯ ಕೈಯಲ್ಲೇ ಇದೆ. ಹರಳನ್ನು ಬಾಗಿಲವರೆಗೆ ತಂದು ಹಗಲಿನಲ್ಲಿ ತೋರಿಸಲು ಒಪ್ಪದ ಅಂಗಡಿಯಿಂದ ಇಳಿದು ಬಂದರೆ ಯಾವ ನಷ್ಟವೂ ಇಲ್ಲ.