ದೆವ್ವ ನೋಡಲು ಬರುವವರು ಮನುಷ್ಯರನ್ನೂ ನೋಡಲಿ

ಸುಲ್ತಾನ್ ಬತ್ತೇರಿ: ದಸರೆ ರಜೆ, ಕ್ರಿಸ್‌ಮಸ್ ರಜೆ, ಬೇಸಿಗೆ ರಜೆ ಬಂತೆಂದರೆ ಸಾಕು, ಗುಂಡ್ಲುಪೇಟೆ ದಾಟಿ ಮೂಲೆಹೊಳೆ ಚೆಕ್‌ಪೋಸ್ಟ್ ಮೂಲಕ ಕರ್ನಾಟಕದ ಕಾರುಗಳು ಬತ್ತೇರಿ ಕಡೆ ಸಾಲುಗಟ್ಟುತ್ತವೆ. ಎಡಕ್ಕಲ್ ಗುಹೆ, ಪೂಕೋಡು ಕೆರೆ, ಬಾಣಾಸುರ ಸಾಗರ ನೋಡಿ ಹೋಗುವವರು ಮೊದಲಿನಿಂದಲೂ ಇದ್ದಾರೆ. ಈಚೆಗೆ ಇನ್ನೊಂದು ಬಗೆಯವರೂ ಸೇರಿಕೊಂಡಿದ್ದಾರೆ. ಹಾಳುಬಿದ್ದ ಗುಡಿ, ಹಳೇ ಚರ್ಚು, ಅದರ ಪಕ್ಕದ ಸಮಾಧಿಗಳು, 'ರಾತ್ರಿ ಅಲ್ಲಿ ಏನೋ ಓಡಾಡ್ತದಂತೆ' ಎಂದು ಯಾರೋ ಹೇಳಿದ ಮರ, ಇವು ಇವರ ಪಟ್ಟಿಯಲ್ಲಿರುವ ಜಾಗಗಳು. ಕತ್ತಲಾಗುವ ಹೊತ್ತಿಗೆ ಸರಿಯಾಗಿ ಮೊಬೈಲ್ ಹಿಡಿದು ಬರುವುದು, ನಾಲ್ಕು ಬಾರಿ ಕಿರುಚುವುದು, ವಿಡಿಯೋ ಹಾಕುವುದು, ಹೋಗುವುದು.

ಬರಬಾರದು ಅಂತ ಯಾರೂ ಹೇಳುತ್ತಿಲ್ಲ. ದೆವ್ವದ ಕಥೆ ಕೇಳಿ ಬೆಳೆಯದ ಮಗು ನಮ್ಮ ಸೀಮೆಯಲ್ಲಿ ಯಾವುದಿದೆ? ಆದರೆ ಕಥೆಯ ಹಿಂದೆ ಸತ್ತವರೊಬ್ಬರು ಇರುತ್ತಾರೆ, ಅವರಿಗೊಂದು ಹೆಸರು, ಒಂದು ಮನೆ ಇತ್ತು ಎಂಬುದೇ ಮರೆತುಹೋಗುತ್ತಿದೆ. ವಯನಾಡಿನ ಮಟ್ಟಿಗೆ ಇದು ಸಣ್ಣ ಮಾತಲ್ಲ.

ಸರಪಳಿ ಸುತ್ತಿದ ಮರ

ತಾಮರಶ್ಶೇರಿ ಘಾಟಿ ಹತ್ತಿ ಲಕ್ಕಿಡಿಗೆ ಬಂದರೆ ರಸ್ತೆ ಬದಿಯಲ್ಲೇ ಸರಪಳಿ ಸುತ್ತಿದ ಮರವೊಂದಿದೆ. ಅದರ ಕಥೆ ಎಲ್ಲರಿಗೂ ಗೊತ್ತು. ಕರಿಂತಂಡನ್ ಎಂಬ ಪಣಿಯ ಸಮುದಾಯದ ಯುವಕ ಬ್ರಿಟಿಷ್ ಎಂಜಿನಿಯರ್ ಒಬ್ಬನಿಗೆ ಘಾಟಿಯ ದಾರಿ ತೋರಿಸಿಕೊಟ್ಟ. ದಾರಿ ಕಂಡುಹಿಡಿದ ಹೆಸರು ತನಗೊಬ್ಬನಿಗೇ ಬರಲಿ ಎಂದು ಆ ಎಂಜಿನಿಯರ್ ಅವನನ್ನು ಕೊಂದ. ಆಮೇಲೆ ಅವನ ಆತ್ಮ ದಾರಿಹೋಕರನ್ನು ಕಾಡತೊಡಗಿತು, ಮಂತ್ರವಾದಿಯೊಬ್ಬ ಬಂದು ಅದನ್ನು ಸರಪಳಿಯಿಂದ ಮರಕ್ಕೆ ಕಟ್ಟಿಹಾಕಿದ ಎನ್ನುತ್ತಾರೆ. ಮರದ ಜೊತೆಗೆ ಸರಪಳಿಯೂ ಬೆಳೆಯುತ್ತದೆ ಅಂತ ನಂಬುವವರೂ ಇದ್ದಾರೆ.

ಇದು ಐತಿಹ್ಯ, ದಾಖಲೆಯಲ್ಲ. ಆದರೂ ಕಥೆಯ ಲೆಕ್ಕವನ್ನೊಮ್ಮೆ ನೋಡಿ. ದಾರಿ ತೋರಿಸಿದವನು ಆದಿವಾಸಿ, ಸತ್ತವನೂ ಅವನೇ, ಕೊನೆಗೆ ಸರಪಳಿ ಬಿದ್ದದ್ದೂ ಅವನಿಗೇ. ಕೊಂದವನು ಪಾರಾಗಿ ಹೋದ. ವಯನಾಡಿನ ಆದಿವಾಸಿಗಳು ಇಂದು ಕರಿಂತಂಡನ್‌ನನ್ನು ತಮ್ಮ ಹಿರಿಯ ಎಂದು ನೆನೆಯುತ್ತಾರೆ, ದೆವ್ವ ಎಂದಲ್ಲ. ಅಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುವವರು ಜೊತೆಯಲ್ಲಿರುವ ಮಕ್ಕಳಿಗೆ ಇದನ್ನೂ ಹೇಳಿದರೆ ಏನು ನಷ್ಟ?

ಹನ್ನೆರಡು ಬೀದಿಯ ಬಸದಿ

ಬತ್ತೇರಿ ಪಟ್ಟಣದಲ್ಲೇ ಇರುವ ಜೈನ ಬಸದಿಯನ್ನು ತೆಗೆದುಕೊಳ್ಳಿ. 13ನೇ ಶತಮಾನದ್ದು ಎನ್ನಲಾಗುವ ಈ ಕಲ್ಲಿನ ಕಟ್ಟಡ ಈಗ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿದೆ. ಟಿಪ್ಪು ಸುಲ್ತಾನನ ಸೈನ್ಯ ಇದನ್ನು ಮದ್ದುಗುಂಡಿನ ಉಗ್ರಾಣವಾಗಿ ಬಳಸಿದ್ದರಿಂದಲೇ ಊರಿಗೆ 'ಸುಲ್ತಾನನ ಬ್ಯಾಟರಿ' ಎಂಬ ಹೆಸರು ಬಂತು, ಅದೇ ಬಾಯಿಂದ ಬಾಯಿಗೆ ಬತ್ತೇರಿ ಆಯಿತು. ಊರಿನ ಹಳೆಯ ಹೆಸರು ಗಣಪತಿವಟ್ಟಂ. 2024ರ ಲೋಕಸಭಾ ಚುನಾವಣೆ ಹೊತ್ತಿಗೆ ಈ ಹೆಸರಿನ ಸುತ್ತ ಸಾಕಷ್ಟು ಗದ್ದಲವೂ ಆಯಿತು.

ಆ ಗದ್ದಲದಲ್ಲಿ ಯಾರೂ ಹೆಚ್ಚಾಗಿ ನೆನೆಯದ ಇನ್ನೊಂದು ಹೆಸರಿದೆ: ಹನ್ನೆರಡು ಬೀದಿ. ಇದಕ್ಕೆ ಅರ್ಥ ಬಿಡಿಸಿ ಹೇಳಲು ಕನ್ನಡದವರಿಗೆ ಯಾರೂ ಬೇಕಿಲ್ಲ. ಕನ್ನಡ ಸೀಮೆಯಿಂದ ಬಂದ ಜೈನರು ಇಲ್ಲಿ ಹನ್ನೆರಡು ಬೀದಿಗಳಲ್ಲಿ ನೆಲೆಸಿದ್ದರು ಎಂಬ ಹೇಳಿಕೆ ಇದೆ. ಇಂದಿಗೂ ಕಲ್ಪೆಟ್ಟ ಸುತ್ತಮುತ್ತ ಜೈನ ಗೌಡರ ಮನೆತನಗಳಿವೆ, ಪುಳಿಯಾರ್‌ಮಲದಲ್ಲಿ ಅನಂತನಾಥ ಸ್ವಾಮಿ ಬಸದಿಯಲ್ಲಿ ಪೂಜೆ ನಡೆಯುತ್ತಿದೆ. 'ಮಾತೃಭೂಮಿ' ಪತ್ರಿಕೆಯನ್ನು ನಡೆಸಿದ, 2020ರಲ್ಲಿ ತೀರಿಕೊಂಡ ಎಂ.ಪಿ. ವೀರೇಂದ್ರಕುಮಾರ್ ಇಂಥದ್ದೇ ಮನೆತನದವರು, ಅವರ ತಂದೆ ಪದ್ಮಪ್ರಭಾ ಗೌಡರು.

ಬಸದಿಯ ಒಳಗೆ ತಣ್ಣಗಿನ ಕತ್ತಲು, ಸಾಲುಗಂಬ, ಬಾಗಿಲ ಮೇಲೆ ಕುಳಿತ ತೀರ್ಥಂಕರ. ಪೂಜೆ ಇಲ್ಲದ ಗುಡಿ ಎಂದರೆ ಭಯ ಹುಟ್ಟುವುದು ಸಹಜ. ಆದರೆ ಗುಡಿ, ಆಮೇಲೆ ಮದ್ದಿನ ಮನೆ, ಈಗ ಸ್ಮಾರಕ, ಹೀಗೆ ಮೂರು ಕಾಲ ಕಂಡ ಕಟ್ಟಡಕ್ಕೆ ದೆವ್ವದ ಕಥೆ ಬೇರೆ ಕಟ್ಟುವುದು ಯಾಕೆ? ಇದ್ದ ಕಥೆಯೇ ಸಾಕಲ್ಲ.

ಚರ್ಚಿನ ಪಕ್ಕದ ಸಮಾಧಿಗಳು

ಇನ್ನು ಚರ್ಚುಗಳ ವಿಷಯ. 1940ರ ದಶಕದಿಂದ ತಿರುವಾಂಕೂರು ಕಡೆಯ ಸಾವಿರಾರು ಬಡ ರೈತರು ಕಾಡು ಕಡಿದು ಗೇಯಲು ವಯನಾಡಿಗೆ ಬಂದರು. ಅವರಲ್ಲಿ ಕ್ರೈಸ್ತರೇ ಹೆಚ್ಚು. ಆಗ ವಯನಾಡು ಅಂದರೆ ಮಲೇರಿಯಾ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗುವ ಮೊದಲು ಚಳಿಜ್ವರಕ್ಕೆ ಮನೆಮನೆಯಲ್ಲೂ ಜನ ಸತ್ತರು. ಚರ್ಚಿನ ಪಕ್ಕದ ಹಳೇ ಸಮಾಧಿಗಳಲ್ಲಿ ಮಲಗಿರುವವರು ಇಂಥವರು. 'ಹೊತ್ತು ಮುಳುಗಿದ ಮೇಲೆ ಆ ಕಡೆ ಹೋಗಬೇಡ' ಎಂದು ಅಜ್ಜಿಯರು ಹೇಳುತ್ತಿದ್ದ ಮಾತಿನಲ್ಲಿ ಸೊಳ್ಳೆ, ಹಾವು, ಆನೆಯ ಭಯವೂ ಇತ್ತು. ಆನೆಯ ಭಯವಂತೂ ಇಂದಿಗೂ ಹೋಗಿಲ್ಲ.

ಈ ಚರ್ಚುಗಳಿಗೂ ಕರ್ನಾಟಕಕ್ಕೂ ನಂಟಿದೆ. 1978ರಲ್ಲಿ ಸ್ಥಾಪನೆಯಾದ ಬತ್ತೇರಿಯ ಸಿರೋ-ಮಲಂಕರ ಧರ್ಮಪ್ರಾಂತ್ಯದಿಂದ ಬೇರೆಯಾಗಿಯೇ 2010ರಲ್ಲಿ ಪುತ್ತೂರು ಧರ್ಮಪ್ರಾಂತ್ಯ ಆದದ್ದು. ನವೆಂಬರ್ 2ರಂದು ಕ್ಯಾಥೋಲಿಕ್ ಕುಟುಂಬಗಳು ಸಮಾಧಿ ತೊಳೆದು ಹೂವಿಟ್ಟು ಮೇಣದಬತ್ತಿ ಹಚ್ಚುತ್ತವೆ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವಲ್ಲ, ಅದೂ ಇದೂ ಒಂದೇ. ಎಡೆ ಇಟ್ಟ ಕಡೆ ಯಾರಾದರೂ ಬಂದು ಕಿರುಚಿ ವಿಡಿಯೋ ಮಾಡಿದರೆ ಸುಮ್ಮನಿರುತ್ತೇವೆಯೇ?

ಹಾಸನದ ಶೆಟ್ಟಿಹಳ್ಳಿ ಚರ್ಚಿನದೂ ಇದೇ ಪಾಡು. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಈ ಚರ್ಚು, ಗೊರೂರಿನ ಹೇಮಾವತಿ ಅಣೆಕಟ್ಟು ಆದ ಮೇಲೆ ಪ್ರತಿ ಮಳೆಗಾಲ ನೀರಿನಲ್ಲಿ ನಿಲ್ಲುತ್ತಿದೆ. ನೋಡಲು ಹೋದವರಿಗೆ ಅದು 'ಮುಳುಗುವ ಚರ್ಚು', ಕೆಲವರಿಗೆ ದೆವ್ವದ ಚರ್ಚು. ಊರು ಬಿಟ್ಟು ಹೋದವರಿಗೆ ಅದು ಮದುವೆಯಾದ, ಮಕ್ಕಳಿಗೆ ಹೆಸರಿಟ್ಟ ಜಾಗ.

ಪುತ್ತುಮಲದ ನಂಬರುಗಳು

ಇದೆಲ್ಲ ಹಳೇ ಮಾತು ಅನ್ನುವವರು ಮೇಪ್ಪಾಡಿ ಹತ್ತಿರದ ಪುತ್ತುಮಲಕ್ಕೆ ಹೋಗಿ ಬರಲಿ. 2024ರ ಜುಲೈ 30ರ ಬೆಳಗಿನ ಜಾವ ಮುಂಡಕೈ, ಚೂರಲ್‌ಮಲಗಳನ್ನು ಭೂಕುಸಿತ ಕೊಚ್ಚಿಕೊಂಡು ಹೋಯಿತು. ಗುರುತು ಸಿಗದ ದೇಹಗಳನ್ನು, ದೇಹದ ಭಾಗಗಳನ್ನು ಪುತ್ತುಮಲದಲ್ಲಿ ಮಣ್ಣು ಮಾಡಲಾಯಿತು. ಹಿಂದೂ, ಮುಸ್ಲಿಂ, ಕ್ರೈಸ್ತ ಪ್ರಾರ್ಥನೆಗಳು ಒಟ್ಟಿಗೇ ನಡೆದವು. ಸಮಾಧಿಗಳ ಮೇಲೆ ಹೆಸರಿನ ಬದಲು ನಂಬರು ಬಿತ್ತು. ಡಿಎನ್‌ಎ ಪರೀಕ್ಷೆ ಆದ ಮೇಲೆ ಕೆಲವು ನಂಬರುಗಳಿಗೆ ಹೆಸರು ಸಿಕ್ಕಿತು. ಆ ದುರಂತದಲ್ಲಿ ಚಾಮರಾಜನಗರ, ಮಂಡ್ಯ ಕಡೆಯ ಕನ್ನಡದವರೂ ಜೀವ ಕಳೆದುಕೊಂಡರು.

ಹೆಣ ಹುಡುಕುತ್ತಿದ್ದ ದಿನಗಳಲ್ಲೇ, 'ದುರಂತ ನೋಡಲು ಬರಬೇಡಿ' ಎಂದು ಕೇರಳ ಪೊಲೀಸರು ಬೇಡಿಕೊಳ್ಳಬೇಕಾಯಿತು. ನಾಳೆ ಅಲ್ಲಿಯೂ 'ರಾತ್ರಿ ಅಳು ಕೇಳಿಸ್ತದಂತೆ' ಎಂದು ಒಬ್ಬ ಹೇಳಿದರೆ ಸಾಕು, ಕಾರು ಬಂದು ನಿಲ್ಲುತ್ತವೆ. ಅಳು ಕೇಳಿಸುವುದು ನಿಜವೇ. ಅದು ಬದುಕಿ ಉಳಿದವರ ಮನೆಗಳಲ್ಲಿ ಕೇಳಿಸುತ್ತದೆ.

ಏನಾಗಬೇಕು?

ದೆವ್ವದ ಹೆಸರಿನಲ್ಲಾದರೂ ಜನ ಬಂದರೆ ಟೀ ಅಂಗಡಿಯವರಿಗೆ, ಜೀಪಿನವರಿಗೆ ನಾಲ್ಕು ಕಾಸು ಸಿಗುತ್ತದೆ ಎಂಬ ವಾದವಿದೆ. ಅದನ್ನು ತಳ್ಳಿಹಾಕುವಂತಿಲ್ಲ. 2024ರ ನಂತರ ವಯನಾಡಿಗೆ ಬರುವವರೇ ಕಡಿಮೆಯಾಗಿ ಅಂಗಡಿಯವರು ಕಷ್ಟಪಟ್ಟಿದ್ದಾರೆ. ಆದರೆ ಹಗಲು ಬಂದವರೂ ಟೀ ಕುಡಿಯುತ್ತಾರೆ. ಅಲ್ಲದೆ ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಕತ್ತಲಲ್ಲಿ ದೆವ್ವ ಹುಡುಕಿ ತಡ ಮಾಡಿದವರಿಗೆ ಊರಿಗೆ ಮರಳುವ ದಾರಿಯೂ ಇರುವುದಿಲ್ಲ.

ಬೇಕಾಗಿರುವುದು ದೊಡ್ಡ ಯೋಜನೆಯೇನಲ್ಲ. ಬಸದಿಯ ಚರಿತ್ರೆಯನ್ನು ಮಲಯಾಳಂ ಜೊತೆಗೆ ಕನ್ನಡದಲ್ಲೂ ಹೇಳುವ ಫಲಕ, ಶಾಲಾ ಪ್ರವಾಸಕ್ಕೆ ಬರುವ ಗುಂಡ್ಲುಪೇಟೆ, ನಂಜನಗೂಡು ಮಕ್ಕಳಿಗೆ ಹನ್ನೆರಡು ಬೀದಿಯ ಕಥೆ ಹೇಳಬಲ್ಲ ಮೇಷ್ಟ್ರು, ಚರ್ಚಿಗೆ ಹೋಗುವವರು ಅಲ್ಲಿನವರನ್ನು ಕೇಳಿ, ಚಪ್ಪಲಿ ಬಿಟ್ಟು, ದನಿ ತಗ್ಗಿಸಿ ಹೋಗುವ ರೂಢಿ, ಇಷ್ಟಾದರೆ ಸಾಕು. ಬತ್ತೇರಿಯಲ್ಲಿರುವ ಕನ್ನಡ ಕುಟುಂಬಗಳು ರಜೆಗೆ ಬರುವ ನೆಂಟರಿಗೆ ಈ ಜಾಗಗಳನ್ನು ತಾವೇ ತೋರಿಸಬಹುದು. ಅವರಿಗಿಂತ ಚೆನ್ನಾಗಿ ಹೇಳಬಲ್ಲವರು ಯಾರಿದ್ದಾರೆ?

ದೆವ್ವ ಇದೆಯೋ ಇಲ್ಲವೋ, ಅದು ಅವರವರ ನಂಬಿಕೆಗೆ ಬಿಟ್ಟದ್ದು. ಸತ್ತವರಿಗೆ ಒಂದು ಹೆಸರಿತ್ತು ಎಂಬುದು ಮಾತ್ರ ನಂಬಿಕೆಯ ಪ್ರಶ್ನೆಯಲ್ಲ. ಈ ಬಾರಿ ರಜೆಗೆ ಬರುವವರು ಅದನ್ನು ಕೇಳಿ ತಿಳಿದುಕೊಂಡು ಹೋಗಲಿ.