ಗೆರೆ ಎಳೆದವರಿಗೇ ದಾರಿ ಗೊತ್ತು

ಸೈಬರ್ ಭದ್ರತೆ ನಮ್ಮ ಕಾಲೇಜುಗಳಲ್ಲಿ ಬಹುಪಾಲು ಪಟ್ಟಿಯಾಗಿಯೇ ಬರುತ್ತದೆ: ಫಿಶಿಂಗ್, ಮಾಲ್‌ವೇರ್, ಫೈರ್‌ವಾಲ್, ಎನ್‌ಕ್ರಿಪ್ಶನ್. ಒಂದೊಂದಕ್ಕೂ ಎರಡು ಸಾಲಿನ ವ್ಯಾಖ್ಯೆ; ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿಯಿತು. ಆದರೆ ವಂಚಕ ಪಟ್ಟಿ ಹಿಡಿದು ಬರುವುದಿಲ್ಲ. ಒಂದನ್ನು ಮುರಿದು, ಅದರಿಂದ ಇನ್ನೊಂದಕ್ಕೆ ದಾಟುತ್ತಾನೆ. ಆದ್ದರಿಂದ ಈ ವಿದ್ಯೆಯನ್ನು ನಕ್ಷೆಯಾಗಿ ಕಲಿಯಬೇಕು, ಆ ನಕ್ಷೆಯನ್ನು ಕಲಿಯುವವರೇ ಬರೆಯಬೇಕು.

ಉದಾಹರಣೆಗೆ, ಕಲಬುರಗಿ ಜಿಲ್ಲೆಯ ಊರುಗಳನ್ನು ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಎಂದು ಓದಿಕೊಂಡು ಹೋದರೆ ಅವು ಐದು ಹೆಸರುಗಳು ಮಾತ್ರ. ರೈಲು ನಕ್ಷೆ ಬಿಡಿಸಿದರೆ, ಸೊಲ್ಲಾಪುರ, ರಾಯಚೂರು, ಸಿಕಂದರಾಬಾದ್ ಕಡೆಯ ಹಳಿಗಳು ವಾಡಿಯಲ್ಲಿ ಕೂಡುವುದು, ಅಲ್ಲಿ ತೊಡಕಾದರೆ ಮೂರೂ ದಿಕ್ಕಿಗೆ ತಟ್ಟುವುದು, ಚಿಂಚೋಳಿಗೆ ಹಳಿಯೇ ಇಲ್ಲದಿರುವುದು ಒಟ್ಟಿಗೇ ಕಾಣುತ್ತದೆ.

ಮೊಬೈಲಿಗೂ ಅಂಥದೊಂದು ನಕ್ಷೆ ಬರೆಯೋಣ. ನಡುವೆ ಸಿಮ್. ಅಲ್ಲಿಂದ ಬ್ಯಾಂಕ್ ಖಾತೆಗೆ ಒಂದು ಗೆರೆ. ಅದರ ಮೇಲೆ ‘ಓಟಿಪಿ ತರುತ್ತದೆ’ ಎಂಬ ಮಾತು. ಇಮೇಲ್‌ಗೆ ಇನ್ನೊಂದು: ‘ಮರೆತ ಪಾಸ್‌ವರ್ಡ್ ಬದಲಿಸಲು ಬಿಡುತ್ತದೆ’. ಇಮೇಲ್‌ನಿಂದ ಉಳಿದ ಖಾತೆಗಳಿಗೂ ಅದೇ ಗೆರೆ. ನಕಲಿ ದಾಖಲೆ ಕೊಟ್ಟು ನಮ್ಮ ನಂಬರಿನ ಡೂಪ್ಲಿಕೇಟ್ ಸಿಮ್ ಪಡೆದವನಿಗೆ ಏನೆಲ್ಲ ತೆರೆದುಕೊಳ್ಳುತ್ತದೆ ಎಂಬುದು ಈಗ ವಿವರಿಸದೆಯೂ ತಿಳಿಯುತ್ತದೆ. ಯುಪಿಐ ಪಿನ್‌ನಿಂದ ಹೊರಡುವ ಬಾಣವನ್ನು ಬರೆಯಿರಿ. ಅದು ಖಾತೆಯಿಂದ ಹೊರಕ್ಕಷ್ಟೇ ಹೋಗುತ್ತದೆ. ‘ಹಣ ಬರಬೇಕಾದರೆ ಪಿನ್ ಒತ್ತಿ’ ಎನ್ನುವವನ ಸುಳ್ಳು ಆ ಬಾಣದಲ್ಲೇ ಬಯಲಾಗುತ್ತದೆ. ಆ ಬಾಣದ ಪಕ್ಕದಲ್ಲೇ ಸೈಬರ್ ವಂಚನೆಯ ದೂರಿಗಿರುವ 1930 ಸಹಾಯವಾಣಿ ಇರಬೇಕು. ಕದ್ದ ಹಣ ಖಾತೆಯಿಂದ ಖಾತೆಗೆ ಹಾರುತ್ತದೆ. ಬೇಗ ಕರೆ ಮಾಡಿದಷ್ಟೂ ತಡೆಹಿಡಿಯುವ ಅವಕಾಶ ಹೆಚ್ಚು.

ಹಾಗಾದರೆ ಸಿದ್ಧ ನಕ್ಷೆಯನ್ನೇ ಹಂಚಿದರೆ ಸಾಲದೇ? ಸಾಲದು; ಪುಸ್ತಕ ನೋಡಿಕೊಂಡು ಬರೆದರೂ ಸಾಲದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಕಾರ್ಪಿಕ್ ಮತ್ತು ಬ್ಲಂಟ್ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಕಣ್ತೆರೆಸುತ್ತದೆ. ಪಠ್ಯ ಎದುರಿಗಿಟ್ಟುಕೊಂಡು ಪರಿಕಲ್ಪನಾ ನಕ್ಷೆ ಬರೆದವರಿಗಿಂತ, ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರೇ ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಇದು ನಕ್ಷೆಯ ಸೋಲಲ್ಲ. ನೋಡಿ ನಕಲಿಸುವ ಅಭ್ಯಾಸದ ಸೋಲು. ಪುಸ್ತಕ ಮುಚ್ಚಿ ನಕ್ಷೆ ಬರೆಯಬೇಕು. ಆಮೇಲೆ ತೆರೆದು, ಬಿಟ್ಟುಹೋದ ಗೆರೆಗಳನ್ನು ಕೆಂಪು ಶಾಯಿಯಲ್ಲಿ ಸೇರಿಸಬೇಕು. ಆ ಕೆಂಪು ಗೆರೆಗಳೇ ಮರುದಿನದ ಪಾಠ.

ನಕ್ಷೆಗೂ ಮಿತಿಯಿದೆ. ಲಾಗ್ ಓದುವುದು, ಫೈರ್‌ವಾಲ್ ನಿಯಮ ಬರೆಯುವುದು ಕಂಪ್ಯೂಟರಿನ ಮುಂದೆ ಕೂತೇ ಕೈಗೆ ಹತ್ತಬೇಕು. ಆದರೆ ಯಾವುದು ಯಾವುದಕ್ಕೆ ಆತುಕೊಂಡಿದೆ ಎಂಬ ತಿಳಿವಿಗೆ ಹಾಳೆ, ಪೆನ್ನು ಸಾಕು. ಸುಸಜ್ಜಿತ ಲ್ಯಾಬ್ ಬರುವವರೆಗೆ ಚಿಂಚೋಳಿಯ ವಿದ್ಯಾರ್ಥಿನಿ ಕಾಯಬೇಕಿಲ್ಲ. ಗೆರೆಗಳ ಮೇಲಿನ ಮಾತು ಕನ್ನಡದಲ್ಲಿದ್ದರೆ ಅದೇ ಹಾಳೆಯನ್ನು ಮನೆಯಲ್ಲಿ ಅವ್ವನಿಗೂ ವಿವರಿಸಬಹುದು. ಶಿಕ್ಷಕರು ‘ಫಿಶಿಂಗ್ ಎಂದರೇನು?’ ಎಂದು ಕೇಳುವುದನ್ನು ಬಿಟ್ಟು, ‘ಈ ಸಿಮ್ ಕಳೆದರೆ ಏನೇನು ಹೋಗುತ್ತದೆ, ಬರೆದು ತೋರಿಸು’ ಎಂದು ಕೇಳಲಿ. ಅದಕ್ಕೆ ಉತ್ತರಿಸಬಲ್ಲ ವಿದ್ಯಾರ್ಥಿನಿ ಅಂಕದ ಜೊತೆ ಮನೆಯ ಹಣವನ್ನೂ ಉಳಿಸಬಲ್ಲಳು.